ಹಸಿರು ಸಿಂಬಿ: ಬೆಂಗಳೂರಿನ ಡಿಸೆಂಬರ್‌ಗೆ ಒಗ್ಗುವ ಕ್ರಿಸ್‌ಮಸ್ ರೀತ್ ಕಟ್ಟುವ ಬಗೆ

ನವೆಂಬರ್ ಕೊನೆಯ ವಾರದಿಂದ ಬೆಂಗಳೂರಿನಲ್ಲಿ ರೀತ್ ಕಟ್ಟುವ ಕಾರ್ಯಾಗಾರಗಳ ಸುಗ್ಗಿ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆಯ ಕೆಫೆಗಳಲ್ಲಿ, ಚರ್ಚ್ ಸಭಾಂಗಣಗಳಲ್ಲಿ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ಗಳಲ್ಲಿ ಎರಡು, ಎರಡೂವರೆ ಗಂಟೆಯ ತರಗತಿಗಳು ನಡೆಯುತ್ತವೆ. ಹೋದವರು ಬಾಗಿಲಿಗೆ ತೂಗುಹಾಕುವ ಹಸಿರು ಬಳೆಯೊಂದನ್ನು ಹಿಡಿದು ಬರುತ್ತಾರೆ. ಅದು ಎಷ್ಟು ದಿನ ಚೆನ್ನಾಗಿರುತ್ತದೆ ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಯಾವ ಸೊಪ್ಪು, ಎಷ್ಟು ಬಿಗಿಯಾದ ಕಟ್ಟು. ಇವೆರಡೂ ಕೂಡಿಬಂದರೆ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲದ, ಮೊದಲ ಭಾನುವಾರ ತೂಗುಹಾಕಿದ್ದು ಜನವರಿ 6ರ ಎಪಿಫನಿ ಹಬ್ಬದವರೆಗೂ ಕಳೆಗುಂದದೆ ನಿಲ್ಲುತ್ತದೆ. ತಪ್ಪಿದರೆ ನಾಲ್ಕನೇ ದಿನಕ್ಕೇ ಎಲೆ ಮುದುಡುತ್ತದೆ.

ಹೂ ಕಟ್ಟಿ ರೂಢಿಯಿರುವ ಕೈಗೆ ಈ ಕೆಲಸ ಹೊಸದಲ್ಲ. ದಾರದ ಬದಲು ತಂತಿ, ಹೂವಿನ ಬದಲು ಸೊಪ್ಪಿನ ಕುಚ್ಚು, ಉದ್ದ ಮಾಲೆಯ ಬದಲು ಬಿಂದಿಗೆ ಹೊರಲು ತಲೆಯ ಮೇಲಿಡುವ ಸಿಂಬಿಯಂಥ ದುಂಡು. ಒಂದು ಕುಚ್ಚಿನ ಕಡ್ಡಿಯನ್ನು ಮುಂದಿನ ಕುಚ್ಚಿನ ಎಲೆ ಮುಚ್ಚುತ್ತಾ ಹೋಗಬೇಕು, ಅಷ್ಟೇ ಇದರ ಒಳಗುಟ್ಟು. ಹೊಳೆಯುವ ಚೆಂಡು, ರಿಬ್ಬನ್, ಗಂಟೆ ಎಲ್ಲ ಆಮೇಲಿನ ಮಾತು.

ಹೆಸರು ನೋಂದಾಯಿಸುವ ಮುನ್ನ

ಶುಲ್ಕ ಎಷ್ಟು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಸೊಪ್ಪು ಹಸಿಯದೋ ಪ್ಲಾಸ್ಟಿಕ್‌ನದೋ. ಕೆಲವು ತರಗತಿಗಳಲ್ಲಿ ಪ್ಲಾಸ್ಟಿಕ್ ಹಸಿರಿನ ಸಿದ್ಧ ಬಳೆಯನ್ನೇ ಕೊಟ್ಟು, ಅದಕ್ಕೆ ಅಲಂಕಾರ ಅಂಟಿಸುವುದನ್ನಷ್ಟೇ ಹೇಳಿಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಅದು ಸಾಕು. ಆದರೆ ಕಟ್ಟುವುದನ್ನು ಕಲಿಯಬೇಕೆಂದು ಹೊರಟವರಿಗೆ ಅಲ್ಲಿ ಕಲಿಯಲು ಏನೂ ಇರುವುದಿಲ್ಲ. ಎರಡನೆಯದಾಗಿ ಬಳೆಯ ಅಳತೆ ಕೇಳಿ. ಮೊದಲ ಸಲಕ್ಕೆ 25ರಿಂದ 30 ಸೆಂ.ಮೀ. ಅಡ್ಡಳತೆ ಸರಿ. 40 ಸೆಂ.ಮೀ. ಬಳೆಯನ್ನು ಹೊಸಬರು ಎರಡು ಗಂಟೆಯಲ್ಲಿ ತುಂಬಲಾರರು. ಅರ್ಧಕ್ಕೆ ಬಂದಾಗ ಸಮಯ ಮುಗಿದು, ಉಳಿದರ್ಧಕ್ಕೆ ಕುಚ್ಚು ತೆಳುವಾಗುತ್ತಾ ಹೋಗುತ್ತದೆ.

ಒಬ್ಬ ಕಲಿಸುವವರಿಗೆ ಎಷ್ಟು ಜನ ಎಂದೂ ಕೇಳಿ. ಹತ್ತು ಹನ್ನೆರಡು ಜನರಿದ್ದರೆ ಪ್ರತಿಯೊಬ್ಬರ ಮೊದಲ ಮೂರು ಕುಚ್ಚನ್ನು ನೋಡಿ ತಿದ್ದಲು ಆಗುತ್ತದೆ, ಇಪ್ಪತ್ತೈದು ಜನರಿದ್ದರೆ ಆಗುವುದಿಲ್ಲ. ಮೊದಲ ಮೂರರಲ್ಲಿ ಆದ ತಪ್ಪು ಇಡೀ ಬಳೆಯುದ್ದಕ್ಕೂ ಮರುಕಳಿಸುತ್ತದೆ. ಕತ್ತರಿ, ತಂತಿ, ಗ್ಲೂ ಗನ್ ಅವರೇ ಕೊಡುತ್ತಾರೆಯೇ, ಗ್ಲೂ ಗನ್ ಎಷ್ಟು ಜನಕ್ಕೆ ಒಂದು, ಸೊಪ್ಪು ಸಾಲದಿದ್ದರೆ ಹೆಚ್ಚುವರಿ ಹಣ ಕೇಳುತ್ತಾರೆಯೇ ಎಂಬುದನ್ನೂ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಎರಡೂವರೆ ಗಂಟೆಯ ಒಳ್ಳೆಯ ತರಗತಿಯ ಸಮಯ ಹೀಗೆ ಹಂಚಿಹೋಗುತ್ತದೆ: ಕಲಿಸುವವರು ಮಾಡಿ ತೋರಿಸಲು 15 ನಿಮಿಷ, ಸೊಪ್ಪು ಕತ್ತರಿಸಿ ಕುಚ್ಚು ಮಾಡಿಕೊಳ್ಳಲು 35, ಬಳೆಗೆ ಕಟ್ಟಲು 60, ಅಲಂಕಾರಕ್ಕೆ 25, ರಿಬ್ಬನ್ ಮತ್ತು ತೂಗುಹಾಕುವ ಕುಣಿಕೆಗೆ 15. ಅಲಂಕಾರದ ಮೇಜಿನ ಮುಂದೆ ಆರಿಸುತ್ತಾ ನಿಂತವರೇ ಕೊನೆಗೆ ಗಡಿಬಿಡಿಯಲ್ಲಿ ಕಟ್ಟುತ್ತಾರೆ. ಒಳಗೆ ಹೋದ ಕೂಡಲೇ ಸೊಪ್ಪಿನ ರಾಶಿಯ ಹತ್ತಿರ ಹೋಗಿ ಕುಳಿತುಕೊಳ್ಳಿ.

ಸೊಪ್ಪು: ಒಣಗಿದ ಮೇಲೆ ಹೇಗೆ ಕಾಣುತ್ತದೆ?

ರೀತ್ ಯುರೋಪಿನ ಚಳಿಯ ನಾಡಿನಿಂದ ಬಂದದ್ದು. ಅಲ್ಲಿ ಬಾಗಿಲ ಹೊರಗಿನ ಗಾಳಿಯೇ ಶೀತಪೆಟ್ಟಿಗೆ ಇದ್ದಂತೆ, ಫರ್ ಮತ್ತು ಪೈನ್ ಕೊಂಬೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತವೆ. ಬೆಂಗಳೂರಿನ ಡಿಸೆಂಬರ್ ನಮಗೆ ಚಳಿ ಎನಿಸಿದರೂ ಹಗಲಿನಲ್ಲಿ 26–27 ಡಿಗ್ರಿ ಇರುತ್ತದೆ, ಗಾಳಿ ಒಣ. ಬೇರಿಲ್ಲದ, ನೀರಿಲ್ಲದ ಕೊಂಬೆ ಇಲ್ಲಿ ಒಣಗಿಯೇ ತೀರುತ್ತದೆ. ಹಾಗಾಗಿ ಸೊಪ್ಪು ಆರಿಸುವಾಗ ಎಷ್ಟು ದಿನ ಹಸಿಯಾಗಿರುತ್ತದೆ ಎಂದು ನೋಡಬೇಡಿ, ಒಣಗಿದ ಮೇಲೆ ಅಂದವಾಗಿ ಉಳಿಯುತ್ತದೆಯೇ ನೋಡಿ.

ಈ ಪರೀಕ್ಷೆಯಲ್ಲಿ ಮೊದಲು ನಿಲ್ಲುವುದು ನೀಲಗಿರಿ ಎಲೆ. ಅದರಲ್ಲೂ ಊಟಿ ಕಡೆಯಿಂದ ಬರುವ ದುಂಡನೆಯ ಬೂದುಬಣ್ಣದ ಎಲೆಯ ಜಾತಿ ಒಣಗಿದರೂ ಆಕಾರ ಬಿಡುವುದಿಲ್ಲ, ಪರಿಮಳವೂ ವಾರಗಟ್ಟಲೆ ಇರುತ್ತದೆ. ಅದರ ಬೆನ್ನಿಗೆ ನಮ್ಮ ಬೀದಿಗಳಲ್ಲೂ ಕೊಡಗಿನ ಕಾಫಿ ತೋಟಗಳಲ್ಲೂ ಕಾಣುವ ಸಿಲ್ವರ್ ಓಕ್. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬೆಳ್ಳಿ. ಒಣಗಿದಾಗ ಅಂಚು ಒಳಕ್ಕೆ ಸುರುಳಿಯಾಗಿ ಬೆಳ್ಳಿಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ. ಕೆಲವರ ಚರ್ಮಕ್ಕೆ ಇದರಿಂದ ತುರಿಕೆ ಬರುವುದುಂಟು, ಕೈಗವಸು ಹಾಕಿಕೊಂಡೇ ಮುಟ್ಟಿ. ಕ್ರಿಸ್‌ಮಸ್ ಮರವೆಂದೇ ನಾವು ಕರೆಯುವ ಅರಾಕೇರಿಯಾದ ಕೊಂಬೆ ದಪ್ಪ, ಗಟ್ಟಿ, ಬಹಳ ನಿಧಾನವಾಗಿ ಬಣ್ಣ ಬದಲಿಸುತ್ತದೆ. ಆದರೆ ಬಾಗುವುದಿಲ್ಲ, ಹಾಗಾಗಿ ಅದರ ತುದಿಗಳನ್ನು ಮಾತ್ರ ಬಳಸಬೇಕು.

ಥೂಜಾ ಮತ್ತು ಗೋಲ್ಡನ್ ಸೈಪ್ರಸ್ ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತವೆ, ಕಟ್ಟಲು ಮೆತ್ತಗೆ, ಹೊಸಬರ ಕೈಗೆ ಹೇಳಿಮಾಡಿಸಿದ್ದು. ಎರಡು ವಾರದಲ್ಲಿ ಹಸಿರು ಮಾಸುತ್ತದೆಯಾದರೂ ಉದುರುವುದು ಕಡಿಮೆ. ಸರ್ವೆ ಸೊಪ್ಪು ನೋಡಲು ಪೈನ್‌ನಂತೆಯೇ ಇದೆ, ಆದರೆ ಒಣಗಿದ ಮೇಲೆ ಅದರ ಎಳೆ ಗೆಣ್ಣುಗೆಣ್ಣಿಗೆ ಕಳಚಿಕೊಳ್ಳುತ್ತದೆ. ಬಾಗಿಲು ಹಾಕಿ ತೆಗೆದಾಗಲೆಲ್ಲ ನೆಲ ಗುಡಿಸಬೇಕಾದೀತು. ಸೊಪ್ಪನ್ನು ಬಿಟ್ಟು ಅದರ ಪುಟ್ಟ ಕಾಯಿಗಳನ್ನು ಅಲಂಕಾರಕ್ಕೆ ಇಟ್ಟುಕೊಳ್ಳಿ. ಮಾವಿನ ಎಲೆ, ಅಶೋಕದ ಎಲೆ ತೋರಣಕ್ಕೆ ಎಷ್ಟು ಚೆಂದವೋ ರೀತ್‌ಗೆ ಅಷ್ಟೇ ತೊಡಕು: ಮೂರು ನಾಲ್ಕು ದಿನದಲ್ಲಿ ಕೊಳವೆಯಂತೆ ಸುರುಳಿಸುತ್ತಿ ಒಳಗಿನ ತಂತಿಯನ್ನೆಲ್ಲ ತೋರಿಸುತ್ತವೆ. ಹೂಗಾರರು ಹೂಗುಚ್ಛಕ್ಕೆ ಹಾಕುವ ಆಸ್ಪರಾಗಸ್ ಎಳೆಯೂ ಬೇಗ ಹಳದಿಯಾಗಿ ಉದುರುತ್ತದೆ.

ಹೂ ಬೇಕೆಂದರೆ ಸ್ಟ್ಯಾಟಿಸ್, ಕೋಳಿಜುಟ್ಟು, ಜಿಪ್ಸೊಫಿಲಾ ಹಾಕಿ. ಮೂರೂ ಇದ್ದಲ್ಲೇ ಒಣಗಿ ಬಣ್ಣ ಉಳಿಸಿಕೊಳ್ಳುತ್ತವೆ. ಸೇವಂತಿಗೆ, ಗುಲಾಬಿ ಹಸಿಯಾಗಿ ಹಾಕಿದರೆ ಒಂದೆರಡು ದಿನದ ಮಾತು. ಕ್ರಿಸ್‌ಮಸ್‌ಗೆ ಎಲ್ಲೆಡೆ ಮಾರುವ ಕೆಂಪೆಲೆಯ ಪಾಯಿನ್‌ಸೆಟಿಯಾವನ್ನು ಕುಂಡದಲ್ಲೇ ಬಿಡಿ. ಕತ್ತರಿಸಿದರೆ ಬಾಡುತ್ತದೆ, ಅದರ ಹಾಲು ಚರ್ಮಕ್ಕೆ ಉರಿ.

ಎರಡನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಒಂದು, ಕಣಗಿಲೆ. ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಇನ್ನೊಂದು, ಗುಲಗಂಜಿ. ಕೆಂಪು ಕಪ್ಪು ಬೀಜ ರೀತ್‌ನಲ್ಲಿ ಮುತ್ತಿನಂತೆ ಕಾಣುತ್ತದೆ, ಆದರೆ ಸಿಪ್ಪೆ ಒಡೆದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಬಾಗಿಲಿಗೆ ಅಂಟಿಸಿದ ಬೀಜ ಉದುರುತ್ತದೆ, ಉದುರಿದ್ದನ್ನು ಅಂಬೆಗಾಲಿಡುವ ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ತರಗತಿಯ ಮೇಜಿನ ಮೇಲೆ ಕಂಡರೆ ಕಲಿಸುವವರ ಗಮನಕ್ಕೂ ತನ್ನಿ.

ಸೊಪ್ಪು, ರಿಬ್ಬನ್ ಎಲ್ಲಿ ಕೊಳ್ಳುವುದು

ಮನೆಯಲ್ಲೇ ಇನ್ನೊಂದು ಕಟ್ಟಬೇಕೆಂದರೆ ಹೂವಿಗೂ ಸೊಪ್ಪಿಗೂ ಕೆ.ಆರ್. ಮಾರುಕಟ್ಟೆ. ಬೆಳಕು ಹರಿಯುವ ಮುನ್ನವೇ ಅಲ್ಲಿ ವ್ಯಾಪಾರ ಶುರು, ಏಳು ಗಂಟೆಯೊಳಗೆ ಹೋದರೆ ತಾಜಾ ಕಟ್ಟು ಸಿಗುತ್ತದೆ. ಹಸಿರು ಮಾರ್ಗದ ಮೆಟ್ರೋ ಅಲ್ಲಿಗೇ ಬರುತ್ತದೆ. ಆದರೆ ಮೆಟ್ರೋ ತಪಾಸಣೆಯಲ್ಲಿ ಚೂಪು ಕತ್ತರಿಯನ್ನು ತಡೆಯಬಹುದು, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಥೂಜಾ, ಸೈಪ್ರಸ್ ಗಿಡಕ್ಕೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲು. ಕುಂಡದ ಗಿಡವನ್ನೇ ಕೊಂಡು ಪ್ರತಿವರ್ಷ ಸವರಿಕೊಳ್ಳುವುದು ಲಾಭ. ರಿಬ್ಬನ್, ಗಂಟೆ, ಪೈನ್ ಕಾಯಿಗಳಿಗೆ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಸಗಟು ಅಂಗಡಿಗಳು. ಶಿವಾಜಿನಗರದಲ್ಲಿ ಸೇಂಟ್ ಮೇರಿ ಬೆಸಿಲಿಕಾ, ರಸೆಲ್ ಮಾರುಕಟ್ಟೆ, ಕಮರ್ಷಿಯಲ್ ಸ್ಟ್ರೀಟ್ ಸುತ್ತ ಡಿಸೆಂಬರ್ ಪೂರ್ತಿ ಕ್ರಿಸ್‌ಮಸ್ ಸಾಮಗ್ರಿ.

ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ಕೊಂಬೆಗೆ ಕೈ ಹಾಕಬೇಡಿ, ಅಲ್ಲಿ ಕೀಳುವ ಹಾಗಿಲ್ಲ. ರಸ್ತೆ ಬದಿಯಲ್ಲಿ ಬಿದ್ದದ್ದೇ ಬೇಕಾದಷ್ಟಿದೆ: ಜಕರಂದಾದ ಚಪ್ಪಟೆ ಕಾಯಿ, ಮಹಾಗನಿ ಕಾಯಿ ಒಡೆದು ಬಿದ್ದ ಮರದಂಥ ಹೋಳು, ಸರ್ವೆ ಕಾಯಿ. ಕಂಡಾಗ ಆರಿಸಿ ಒಂದು ಡಬ್ಬಿಗೆ ಹಾಕುತ್ತಾ ಬಂದರೆ ಡಿಸೆಂಬರ್ ಹೊತ್ತಿಗೆ ತುಂಬಿರುತ್ತದೆ. ಆರಿಸಿ ತಂದ ಕಾಯಿಗಳಲ್ಲಿ ಹುಳ ಇರಬಹುದು, 100 ಡಿಗ್ರಿಯ ಒವನ್‌ನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ಒದ್ದೆಯಾಗಿ ಮುಚ್ಚಿಕೊಂಡ ಪೈನ್ ಕಾಯಿಯೂ ಇದೇ ಕಾವಿಗೆ ಅರಳುತ್ತದೆ. ಒವನ್ ಮುಂದೆಯೇ ನಿಂತಿರಿ, ಕೆಲವು ಕಾಯಿಗಳಲ್ಲಿ ಅಂಟು ಇರುತ್ತದೆ.

ಬಳೆ, ತಂತಿ, ಕತ್ತರಿ

ಬಳೆ ಮೂರು ಬಗೆ. ಕಬ್ಬಿಣದ ತಂತಿಯದು ಅಗ್ಗ, ವರ್ಷವರ್ಷ ಬಳಸಬಹುದು, ಆದರೆ ನುಣುಪು. ಕುಚ್ಚು ಜಾರಿ ಸುತ್ತ ತಿರುಗುತ್ತದೆ. ಕಟ್ಟುವ ಮುನ್ನ ಅದಕ್ಕೆ ತೆಂಗಿನ ನಾರನ್ನೋ ಸೆಣಬಿನ ಹುರಿಯನ್ನೋ ಒತ್ತಾಗಿ ಸುತ್ತಿದರೆ ಹಿಡಿತ ಬರುತ್ತದೆ. ಹುಲ್ಲಿನ ಬಳೆ ಥೇಟ್ ಸಿಂಬಿಯೇ. ಹಿಡಿತ ಚೆನ್ನಾಗಿದೆ, ಆದರೆ ದಪ್ಪ. ದಪ್ಪದ ತೊಂದರೆ ಬಾಗಿಲ ಹತ್ತಿರ ಬಂದಾಗ ಗೊತ್ತಾಗುತ್ತದೆ. ಮೂರನೆಯದು ಬಳ್ಳಿಯ ಬಳೆ, ನೋಡಲು ಎಲ್ಲಕ್ಕಿಂತ ಚೆಂದ. ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಸವರಿ ಬಿಸಾಡುವ ಬಳ್ಳಿ ಸಿಕ್ಕರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬಕೆಟ್ಟಿನ ಸುತ್ತ ನಾಲ್ಕೈದು ಸುತ್ತು ಹಾಕಿ, ತುದಿಗಳನ್ನು ಒಳಗೆ ಹೆಣೆದು ಎರಡು ದಿನ ಒಣಗಲು ಬಿಡಿ. ಬಳ್ಳಿಯ ಬಳೆಯನ್ನು ಪೂರ್ತಿ ಮುಚ್ಚಬೇಕಿಲ್ಲ. ಮೂರನೇ ಒಂದು ಭಾಗಕ್ಕೆ ಮಾತ್ರ ಸೊಪ್ಪು ಕಟ್ಟಿದರೂ ಸಾಕು, ಸೊಪ್ಪು ಕಡಿಮೆ ಇರುವವರಿಗೆ ಇದೇ ದಾರಿ.

ತಂತಿ 24 ಗೇಜಿನದು, ಅಂದರೆ ಅರ್ಧ ಮಿ.ಮೀ.ಗಿಂತ ಕೊಂಚ ದಪ್ಪ. ಹಸಿರು ಬಣ್ಣ ಬಳಿದದ್ದು ಸಿಕ್ಕರೆ ಎಲೆಯ ನಡುವೆ ಕಾಣುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಬೈಂಡಿಂಗ್ ವೈರ್ ಎಂದು ಕೇಳಿದರೆ ಕಟ್ಟಡದ ಕಂಬಿ ಕಟ್ಟುವ ತಂತಿ ಕೊಡುತ್ತಾರೆ. ಅದು ದಪ್ಪ, ತುಕ್ಕು ಹಿಡಿಯುತ್ತದೆ, ಎಳೆ ಕಡ್ಡಿಯನ್ನು ಕತ್ತರಿಸಿಬಿಡುತ್ತದೆ. ಪೈನ್ ಕಾಯಿಯಂಥ ಭಾರದ ವಸ್ತುಗಳಿಗೆ 24 ಗೇಜಿಗಿಂತ ದಪ್ಪವಾದ 20 ಗೇಜಿನ ತಂತಿಯನ್ನು 30 ಸೆಂ.ಮೀ. ತುಂಡುಗಳಾಗಿ ಬೇರೆ ಇಟ್ಟುಕೊಳ್ಳಿ.

ಕೊಂಬೆಗೆ ಸಿಕೇಟರ್ (ಗಿಡ ಸವರುವ ಕತ್ತರಿ), ತಂತಿಗೆ ಕಟಿಂಗ್ ಪ್ಲೇಯರ್. ಸಿಕೇಟರ್‌ನಲ್ಲಿ ತಂತಿ ಕತ್ತರಿಸಿದರೆ ಅದರ ಬಾಯಿ ಹೋಯಿತೆಂದೇ ತಿಳಿಯಿರಿ. ತರಗತಿಗೆ ಹೋಗುವಾಗ ಉದ್ದ ತೋಳಿನ ಹತ್ತಿ ಬಟ್ಟೆ, ಹಳೆಯ ಟವೆಲ್, ತೆಳು ಕೈಗವಸು ಇದ್ದರೆ ಸಾಕು. ನಿಮ್ಮ ಬಾಗಿಲಿನ ಅಗಲವನ್ನೂ, ಹೊರಗೆ ಗ್ರಿಲ್ ಬಾಗಿಲಿದ್ದರೆ ಎರಡರ ನಡುವಿನ ಅಂತರವನ್ನೂ ಅಳೆದು ಬರೆದುಕೊಂಡು ಹೋಗಿ.

ಹಿಂದಿನ ರಾತ್ರಿ

ತರಗತಿಯಲ್ಲಿ ಈ ಕೆಲಸ ಅವರೇ ಮಾಡಿರುತ್ತಾರೆ, ಮನೆಯಲ್ಲಾದರೆ ನೀವೇ ಮಾಡಬೇಕು. ತಂದ ಕೊಂಬೆಯ ಬುಡವನ್ನು ಎರಡು ಮೂರು ಸೆಂ.ಮೀ. ಓರೆಯಾಗಿ ಕತ್ತರಿಸಿ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನಿಲ್ಲಿಸಿ. ಥೂಜಾ, ಸೈಪ್ರಸ್, ಅರಾಕೇರಿಯಾಗಳನ್ನು ಪೂರ್ತಿ ಮುಳುಗಿಸಬಹುದು. ಬೂದು ಎಲೆಯ ನೀಲಗಿರಿ, ಸಿಲ್ವರ್ ಓಕ್ ಮಾತ್ರ ಬುಡವಷ್ಟೇ ನೀರಿಗೆ, ಎಲೆ ನೆನೆದರೆ ಬೂದುಬಣ್ಣದ ಮೇಲೆ ಕಲೆ ಕೂರುತ್ತದೆ. ಕಟ್ಟುವ ಒಂದು ಗಂಟೆ ಮೊದಲು ತೆಗೆದು ಕೊಡವಿ ಟವೆಲ್ ಮೇಲೆ ಹರಡಿ.

ನೀಲಗಿರಿಯನ್ನು ತಿಂಗಳಾನುಗಟ್ಟಲೆ ಮೃದುವಾಗಿ ಉಳಿಸಲು ಒಂದು ಉಪಾಯವಿದೆ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು ಬೆರೆಸಿ, ಬುಡವನ್ನು ಜಜ್ಜಿ, 10 ಸೆಂ.ಮೀ. ಆಳದಷ್ಟು ಅದರಲ್ಲಿ ನಿಲ್ಲಿಸಿ. ಒಂದೆರಡು ವಾರದಲ್ಲಿ ಎಲೆ ಗ್ಲಿಸರಿನ್ ಕುಡಿದು ಬಣ್ಣ ಕೊಂಚ ಕಂದಾಗುತ್ತದೆ, ಮುರಿಯುವುದಿಲ್ಲ. ಇದಕ್ಕೆ ನವೆಂಬರ್ ಮಧ್ಯದಲ್ಲೇ ಕೈಹಾಕಬೇಕು.

ಕಟ್ಟುವುದು

ಮೊದಲು ಲೆಕ್ಕ. 30 ಸೆಂ.ಮೀ. ಬಳೆಯ ಸುತ್ತಳತೆ ಸುಮಾರು 94 ಸೆಂ.ಮೀ. ನಾಲ್ಕು ಸೆಂ.ಮೀ.ಗೊಂದು ಕುಚ್ಚಿನಂತೆ 24 ಕುಚ್ಚು ಬೇಕು. ಒಂದೊಂದು ಕುಚ್ಚಿಗೆ ನಾಲ್ಕೈದು ಕಡ್ಡಿ, ಅಂದರೆ ಒಟ್ಟು ನೂರರಿಂದ ನೂರಿಪ್ಪತ್ತು. ಹೊಸಬರು ಇದರ ಅರ್ಧದಷ್ಟನ್ನು ಕತ್ತರಿಸಿಕೊಂಡು ಕಟ್ಟಲು ಕೂರುತ್ತಾರೆ, ಹನ್ನೆರಡನೇ ಕುಚ್ಚಿಗೆ ರಾಶಿ ಖಾಲಿಯಾಗುತ್ತದೆ, ಮತ್ತೆ ಕತ್ತರಿಸಲು ಎದ್ದಾಗ ಕೈಯಲ್ಲಿದ್ದ ತಂತಿ ಸಡಿಲಾಗುತ್ತದೆ. ಪೂರಾ 24 ಕುಚ್ಚನ್ನು ಮೊದಲೇ ಮಾಡಿ ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಳ್ಳಿ. ಸಾಲಿನಲ್ಲಿಟ್ಟಾಗ ಯಾವುದು ಬಡಕಲು, ಯಾವುದು ದಪ್ಪ ಎಂದು ಕಣ್ಣಿಗೇ ಕಾಣುತ್ತದೆ, ಆಗಲೇ ಸರಿಮಾಡಬಹುದು. ಮೊಟ್ಟೆಯಾಕಾರದ ರೀತ್ ಆಗುವುದು ಬಳೆ ಸೊಟ್ಟಗಿದ್ದುದಕ್ಕಲ್ಲ, ಕುಚ್ಚುಗಳ ಗಾತ್ರ ಒಂದೇ ಸಮ ಇಲ್ಲದ್ದಕ್ಕೆ.

ಕಡ್ಡಿಯ ಉದ್ದ 12ರಿಂದ 15 ಸೆಂ.ಮೀ. ಇದಕ್ಕಿಂತ ಉದ್ದವಾದರೆ ತುದಿ ಜೋಲುತ್ತದೆ, ಗಿಡ್ಡವಾದರೆ ಮುಂದಿನ ಕುಚ್ಚು ತಂತಿಯನ್ನು ಮುಚ್ಚುವುದಿಲ್ಲ. ಕುಚ್ಚಿನ ಜೋಡಣೆಯಲ್ಲಿ ಗಟ್ಟಿ ಸೊಪ್ಪು ಹಿಂದೆ, ಅಂದರೆ ಅರಾಕೇರಿಯಾ ಅಥವಾ ಸಿಲ್ವರ್ ಓಕ್, ಅದರ ಮೇಲೆ ಥೂಜಾ, ಎಲ್ಲಕ್ಕಿಂತ ಮುಂದೆ ಒಂದು ನೀಲಗಿರಿ. ಬುಡ ಎರಡು ಮೂರು ಸೆಂ.ಮೀ. ಎಲೆ ಬಿಡಿಸಿ ಬೋಳು ಮಾಡಿ. ಎಲೆ ಇದ್ದ ಜಾಗದಲ್ಲಿ ತಂತಿ ಕೂರುವುದಿಲ್ಲ, ಎಲೆ ಒಣಗಿ ಸವೆದ ಮೇಲೆ ಕುಚ್ಚು ಕಳಚಿಕೊಳ್ಳುತ್ತದೆ.

ತಂತಿಯ ತುದಿಯನ್ನು ಬಳೆಗೆ ಮೂರು ಸುತ್ತು ಹಾಕಿ ತಿರುಚಿ ಭದ್ರ ಮಾಡಿ. ಉಂಡೆಯನ್ನು ಕತ್ತರಿಸಬೇಡಿ. ಒಂದೇ ತಂತಿ ಮೊದಲಿಂದ ಕೊನೆಯವರೆಗೆ ಓಡಬೇಕು. ಒಟ್ಟು ಸುಮಾರು ಹತ್ತು ಮೀಟರ್ ಬೇಕಾಗುತ್ತದೆ, 15 ಮೀಟರ್ ಉಂಡೆ ಇದ್ದರೆ ನಿಶ್ಚಿಂತೆ. ಬಲಗೈ ರೂಢಿಯವರು ಮೊದಲ ಕುಚ್ಚನ್ನು ತುದಿ ಎಡಕ್ಕೆ, ಕಡ್ಡಿ ಬಲಕ್ಕೆ ಬರುವಂತೆ ಬಳೆಯ ಮೇಲಿಟ್ಟು ಎಡಗೈಯಲ್ಲಿ ಒತ್ತಿ ಹಿಡಿಯಿರಿ. ಬೋಳು ಕಡ್ಡಿಯ ಮೇಲೆ ಮೂರು ಸುತ್ತು, ಪ್ರತಿ ಸುತ್ತಿಗೂ ಉಂಡೆಯನ್ನು ಕೆಳಕ್ಕೆ ಜಗ್ಗಿ ಬಿಗಿ ಮಾಡಿ. ಎಷ್ಟು ಬಿಗಿ ಎಂದರೆ, ಕುಚ್ಚನ್ನು ಹಿಡಿದು ಅಲುಗಿಸಿದರೆ ಬಳೆಯೂ ಜೊತೆಗೇ ಅಲುಗಬೇಕು. ಸೊಪ್ಪು ಒಣಗಿದಾಗ ಕಡ್ಡಿ ಸಣ್ಣದಾಗುತ್ತದೆ, ಇವತ್ತು ಸಾಕು ಎನಿಸಿದ ಬಿಗಿ ಹತ್ತು ದಿನಕ್ಕೆ ಸಾಲದಾಗುತ್ತದೆ. ಹಾಗಾಗಿ ಸಾಕು ಎನಿಸಿದ ಮೇಲೂ ಇನ್ನೊಂದು ಜಗ್ಗು.

ಎರಡನೇ ಕುಚ್ಚನ್ನು ಅದೇ ದಿಕ್ಕಿಗೆ, ಮೊದಲನೆಯದರ ಕಡ್ಡಿ ಮತ್ತು ತಂತಿ ಮರೆಯಾಗುವಂತೆ ನಾಲ್ಕು ಸೆಂ.ಮೀ. ಈಚೆಗೆ ಇಡಿ. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಎಲ್ಲ ಕುಚ್ಚನ್ನೂ ಬಳೆಯ ನಟ್ಟನಡುವೆಯೇ ಇಡುತ್ತಾರೆ. ಮೇಲಿನಿಂದ ನೋಡಿದಾಗ ತುಂಬಿದಂತೆ ಕಾಣುತ್ತದೆ, ಗೋಡೆಗೆ ತೂಗುಹಾಕಿದಾಗ ಒಳ ಅಂಚಿನಲ್ಲೂ ಹೊರ ಅಂಚಿನಲ್ಲೂ ಬಳೆ ಬೋಳಾಗಿ ಇಣುಕುತ್ತದೆ. ಮೊದಲ ಕುಚ್ಚು ಒಳಕ್ಕೆ ವಾಲಿಸಿ, ಎರಡನೆಯದು ನಡುವೆ, ಮೂರನೆಯದು ಹೊರಕ್ಕೆ ವಾಲಿಸಿ, ನಾಲ್ಕನೆಯದು ಮತ್ತೆ ಒಳಕ್ಕೆ. ಒಳ, ನಡು, ಹೊರ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದರೆ ತಪ್ಪುವುದಿಲ್ಲ. ಒಳಕ್ಕೆ ವಾಲುವ ಕುಚ್ಚು ಉಳಿದವಕ್ಕಿಂತ ಗಿಡ್ಡ ಇರಲಿ, ಇಲ್ಲವಾದರೆ ನಡುವಿನ ಬಯಲು ಮುಚ್ಚಿಹೋಗಿ ರೀತ್ ತಟ್ಟೆಯಂತಾಗುತ್ತದೆ. 30 ಸೆಂ.ಮೀ. ಬಳೆ ಕಟ್ಟಿ ಮುಗಿದಾಗ 45 ಸೆಂ.ಮೀ. ಹತ್ತಿರ ಬರುತ್ತದೆ, ನಡುವೆ ಅಂಗೈ ಅಗಲದಷ್ಟಾದರೂ ಬಯಲು ಉಳಿಯಬೇಕು.

ಕೈ ಚಲಿಸುವ ಬದಲು ಬಳೆಯನ್ನೇ ತಿರುಗಿಸಿಕೊಳ್ಳುತ್ತಾ ಬನ್ನಿ. ಕಟ್ಟುವ ಜಾಗ ಯಾವಾಗಲೂ ನಿಮ್ಮ ಎದೆಯ ಮುಂದೆಯೇ ಇದ್ದರೆ ಬಿಗಿ ಒಂದೇ ಸಮ ಬರುತ್ತದೆ. ಆರು ಕುಚ್ಚಿಗೊಮ್ಮೆ ಬಳೆಯನ್ನು ಎತ್ತಿ ದೂರ ಹಿಡಿದು ನೋಡಿ. ಮೇಜಿನ ಮೇಲೆ ಮಲಗಿದ ರೀತ್ ಯಾವಾಗಲೂ ತುಂಬಿಕೊಂಡಂತೆಯೇ ಕಾಣುತ್ತದೆ, ನಿಲ್ಲಿಸಿದಾಗಲೇ ಅದರ ನಿಜ ಆಕಾರ ಗೊತ್ತಾಗುವುದು.

ಕೊನೆಯ ಎರಡು ಕುಚ್ಚು ಕಷ್ಟದ್ದು. ಮೊದಲ ಕುಚ್ಚಿನ ತುದಿಗಳನ್ನು ಎಡಗೈಯಿಂದ ಮೇಲಕ್ಕೆತ್ತಿ ಹಿಡಿದು, ಕೊನೆಯ ಕುಚ್ಚಿನ ಬೋಳು ಕಡ್ಡಿಯನ್ನು ಅದರ ಕೆಳಗೆ ತೂರಿಸಬೇಕು. ಸುತ್ತಲು ಕೈ ಆಡುವುದಿಲ್ಲವೆಂದು ಇಲ್ಲಿ ಸಡಿಲ ಬಿಡುತ್ತಾರೆ, ಮೊದಲು ಕಳಚುವ ಜಾಗವೂ ಇದೇ. ಮೊದಲ ಕುಚ್ಚಿನ ತುದಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಮುದುರಿಟ್ಟರೆ ಜಾಗ ಸಿಗುತ್ತದೆ, ಮುಗಿದ ಮೇಲೆ ಬಿಚ್ಚಿ. ಐದು ಸುತ್ತು ಹಾಕಿ, ತಂತಿಯನ್ನು 20 ಸೆಂ.ಮೀ. ಬಿಟ್ಟು ಕತ್ತರಿಸಿ, ಹಿಂಬದಿಯಲ್ಲಿ ಬಳೆಗೆ ಎರಡು ಗಂಟು ತಿರುಚಿ, ಚೂಪು ತುದಿಯನ್ನು ಸೊಪ್ಪಿನೊಳಗೆ ಮಡಚಿ. ಹಾಗೇ ಬಿಟ್ಟರೆ ಬಾಗಿಲಿನ ಪಾಲಿಷ್ ಮೇಲೆ ಗೀರು ಬೀಳುತ್ತದೆ.

ಎಲ್ಲೋ ಒಂದು ಕಡೆ ಸಂದು ಉಳಿದಿದ್ದರೆ ಕಟ್ಟು ಬಿಚ್ಚಬೇಕಿಲ್ಲ. ಎರಡು ಮೂರು ಕಡ್ಡಿಯ ಕುಚ್ಚಿಗೆ ಬೇರೆ ತಂತಿ ಸುತ್ತಿ, ತಂತಿಯ ಎರಡು ತುದಿಯನ್ನು ಬಳೆಯ ಹಿಂದಕ್ಕೆ ಎಳೆದು ತಿರುಚಿ. ಗ್ಲೂ ಗನ್‌ನಿಂದ ಎಲೆ ಅಂಟಿಸಲು ಹೋಗಬೇಡಿ. ಹಸಿ ಎಲೆಗೆ ಬಿಸಿ ಅಂಟು ತಾಗಿದ ಜಾಗ ಮಾರನೇ ದಿನ ಕಪ್ಪಾಗುತ್ತದೆ, ಮೇಣದಂಥ ಎಲೆಯ ಮೇಲೆ ಅದು ನಿಲ್ಲುವುದೂ ಇಲ್ಲ.

ಅಲಂಕಾರ

ತೂಕದ್ದನ್ನು ತಂತಿಯಲ್ಲಿ ಕಟ್ಟಿ, ಹಗುರದ್ದನ್ನು ಅಂಟಿಸಿ. ಪೈನ್ ಕಾಯಿಯ ಕೆಳಗಿನ ಎರಡನೇ ಸಾಲಿನ ಪದರದೊಳಗೆ ತಂತಿ ಹಾಯಿಸಿ, ಸುತ್ತಿ, ಬುಡದಲ್ಲಿ ತಿರುಚಿದರೆ ಎರಡು ಕಾಲು ಸಿಗುತ್ತವೆ. ಆ ಕಾಲುಗಳನ್ನು ಸೊಪ್ಪಿನ ನಡುವೆ ಇಳಿಸಿ ಬಳೆಯ ಹಿಂದೆ ಕಟ್ಟುವುದು. ಜಕರಂದಾ ಕಾಯಿಗೆ ಸಣ್ಣ ತೂತು ಕೊರೆದು ತಂತಿ ಪೋಣಿಸಬಹುದು.

ಯುರೋಪಿನವರು ಹಾಲಿ ಎಂಬ ಗಿಡದ ಕೆಂಪು ಹಣ್ಣು ಬಳಸುವ ಜಾಗಕ್ಕೆ ನಮ್ಮಲ್ಲಿ ಗುಂಡು ಒಣಮೆಣಸಿನಕಾಯಿ ಬಲು ಚೆನ್ನಾಗಿ ಕೂರುತ್ತದೆ. ಐದೈದು ಕಾಯಿಯ ತೊಟ್ಟು ಸೇರಿಸಿ ತಂತಿ ಸುತ್ತಿ ಗೊಂಚಲು ಮಾಡಿ, ಮೂರು ಕಡೆ ಸಿಕ್ಕಿಸಿ. ಕೆಂಪು ತಿಂಗಳುಗಟ್ಟಲೆ ಮಾಸುವುದಿಲ್ಲ. ಕಟ್ಟಿದ ಕೂಡಲೇ ಸೋಪು ಹಾಕಿ ಕೈ ತೊಳೆಯುವುದು, ಅದಕ್ಕೆ ಮೊದಲು ಕಣ್ಣು ಮುಟ್ಟದಿರುವುದು ಮುಖ್ಯ. ಚಕ್ಕೆಯ ಮೂರು ನಾಲ್ಕು ಉದ್ದ ತುಂಡನ್ನು ಸೆಣಬಿನ ದಾರದಲ್ಲಿ ಕಟ್ಟಿದ ಪುಟ್ಟ ಹೊರೆ, ಎರಡು ಮೂರು ಚಕ್ರಮೊಗ್ಗು ಸೇರಿದರೆ ಬಾಗಿಲು ತೆರೆದಾಗಲೆಲ್ಲ ಘಮ.

ಒಣ ಕಿತ್ತಳೆ ಬಿಲ್ಲೆ ಬೇಕೆಂದರೆ ಅರ್ಧ ಸೆಂ.ಮೀ. ದಪ್ಪಕ್ಕೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ರಸ ತೆಗೆದು, 100 ಡಿಗ್ರಿಯಲ್ಲಿ ಮೂರರಿಂದ ನಾಲ್ಕು ಗಂಟೆ, ಅರ್ಧ ಗಂಟೆಗೊಮ್ಮೆ ಮಗುಚುತ್ತಾ ಒಣಗಿಸಿ. ಅರೆಬರೆ ಒಣಗಿದ ಬಿಲ್ಲೆ ಇಟ್ಟರೆ ಮೊದಲ ಅತಿಥಿ ಇರುವೆ, ಎರಡನೆಯದು ಬೂಸ್ಟು. ಬೆರಳಲ್ಲಿ ಬಾಗಿಸಿದರೆ ಅಂಟಂಟಾಗದೆ ಗಟ್ಟಿಯಾಗಿರಬೇಕು.

ಯಾವುದನ್ನಾದರೂ ಸುತ್ತಲೂ ಸಮ ಅಂತರದಲ್ಲಿ ಇಟ್ಟರೆ ಗಡಿಯಾರದ ಮುಖದಂತಾಗುತ್ತದೆ. ಮೂರೋ ಐದೋ ವಸ್ತುಗಳನ್ನು ಒಂದು ಕಡೆ ಗುಂಪಾಗಿ ಸೇರಿಸಿ, ಎದುರು ಬದಿಯಲ್ಲಿ ಚಿಕ್ಕ ಗುಂಪು ಇಡಿ. ಉಳಿದ ಸೊಪ್ಪು ಸೊಪ್ಪಾಗಿಯೇ ಇರಲಿ. ಅಷ್ಟು ಕಷ್ಟಪಟ್ಟು ಕಟ್ಟಿದ ಹಸಿರು ಕಾಣಬೇಕಲ್ಲವೇ.

ಗ್ಲೂ ಗನ್‌ನ ಬಿಸಿ ಅಂಟು ಬೆರಳಿಗೆ ತಾಗಿದರೆ ಕೀಳಬೇಡಿ, ಚರ್ಮವೂ ಜೊತೆಗೇ ಬರುತ್ತದೆ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಮಕ್ಕಳಿದ್ದ ತರಗತಿಯಾದರೆ ಕಡಿಮೆ ಉಷ್ಣತೆಯ ಗನ್ ಇದೆಯೇ ಎಂದು ಕೇಳಿ.

ರಿಬ್ಬನ್ನಿನ ಬೋ

ಅಂಚಿನಲ್ಲಿ ಸಣ್ಣ ತಂತಿ ಇರುವ, 6 ಸೆಂ.ಮೀ. ಅಗಲದ ರಿಬ್ಬನ್ ಎರಡೂವರೆ ಮೀಟರ್. ತಂತಿಯಿಲ್ಲದ ಸ್ಯಾಟಿನ್ ಎಷ್ಟೇ ಚೆನ್ನಾಗಿ ಕಟ್ಟಿದರೂ ಸಂಜೆಗೆ ಜೋತುಬೀಳುತ್ತದೆ. 35 ಸೆಂ.ಮೀ. ಬಾಲ ಬಿಟ್ಟು, 12 ಸೆಂ.ಮೀ. ಕುಣಿಕೆಗಳನ್ನು ಎಡಕ್ಕೊಂದು ಬಲಕ್ಕೊಂದರಂತೆ ಮೂರು ಜೋಡಿ ಹಾಕಿ, ನಡುವನ್ನು ಹೆಬ್ಬೆರಳಲ್ಲಿ ಹಿಸುಕಿ ಹಿಡಿದಿರಿ. ಇನ್ನೊಂದು ಬಾಲಕ್ಕೂ 35 ಸೆಂ.ಮೀ. ಉಳಿಯಬೇಕು. ನಡುವಿಗೆ ತಂತಿ ಬಿಗಿದು, ಅದೇ ತಂತಿಯಿಂದ ಬಳೆಗೆ ಕಟ್ಟಿ. ಆಮೇಲೆ ಕುಣಿಕೆಗಳೊಳಗೆ ಬೆರಳು ತೂರಿಸಿ ಅರಳಿಸುವುದು.

ಮನೆಗೆ ತಂದು ತೂಗುಹಾಕುವುದು

ಸ್ಕೂಟರ್ ಕೈಗೆ ನೇತುಹಾಕಿ ತರಬೇಡಿ, ಗಾಳಿಗೆ ಒಂದು ಬದಿ ಪೂರ್ತಿ ಮಲಗಿಬಿಡುತ್ತದೆ. ಬೇಕರಿಯಲ್ಲಿ ದೊಡ್ಡ ಕೇಕಿನ ರಟ್ಟಿನ ಪೆಟ್ಟಿಗೆ ಕೇಳಿ ಇಸಿದುಕೊಳ್ಳಿ, 45 ಸೆಂ.ಮೀ. ಚೌಕದ್ದು ಸರಿಹೊಂದುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋದರೆ ಸೊಪ್ಪು ಬಾಡುತ್ತದೆ, ಅಂಟು ಮೆತ್ತಗಾಗುತ್ತದೆ.

ಕುಣಿಕೆ ಕಟ್ಟುವ ಮುನ್ನ ರೀತನ್ನು ಒಂದು ಬೆರಳಿನ ಮೇಲೆ ತೂಗುಬಿಡಿ. ಭಾರದ ಬದಿ ತಾನೇ ಕೆಳಗೆ ಬರುತ್ತದೆ. ಎದುರು ತುದಿಯಲ್ಲಿ ಕುಣಿಕೆ ಕಟ್ಟಿದರೆ ಬಾಗಿಲು ಎಷ್ಟೇ ಬಡಿದರೂ ಸೊಟ್ಟಗಾಗುವುದಿಲ್ಲ. ಬೋ ಯಾವ ಕೋನದಲ್ಲಿ ಬರಬೇಕು ಎಂಬುದನ್ನೂ ಇದಾದ ಮೇಲೆ ಗೊತ್ತುಮಾಡುವುದು ಜಾಣತನ.

ನಮ್ಮ ಮನೆಗಳಲ್ಲಿ ಮರದ ಬಾಗಿಲ ಹೊರಗೆ ಕಬ್ಬಿಣದ ಗ್ರಿಲ್ ಅಥವಾ ಜಾಲರಿ ಬಾಗಿಲು ಇರುತ್ತದೆ. ಎರಡರ ನಡುವೆ ಎಂಟು ಸೆಂ.ಮೀ. ಅಂತರವಿದ್ದು ರೀತ್ ಹನ್ನೆರಡು ದಪ್ಪವಿದ್ದರೆ ಹೊರಬಾಗಿಲು ಹಾಕಲಾಗದು, ಹಾಕಿದರೆ ಪೈನ್ ಕಾಯಿ ಪುಡಿಯಾಗುತ್ತದೆ. ಅಂಥಲ್ಲಿ ರೀತನ್ನು ಗ್ರಿಲ್ಲಿನ ಹೊರಮುಖಕ್ಕೇ ಎರಡು ಕಡೆ ಕಟ್ಟಿ, ಅಥವಾ ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿ. ಮೊದಲೇ ಅಂತರ ಅಳೆದುಕೊಂಡು ಹೋಗಿ ಎಂದದ್ದು ಇದಕ್ಕೇ. ತೋರಣ ಕಟ್ಟುವ ಮನೆಯಾದರೆ ಎಲೆಯ ತುದಿಯಿಂದ ಒಂದು ಗೇಣು ಕೆಳಗೆ ಇರಲಿ. ಎರಡೂ ಒಟ್ಟಿಗೆ ಚೆಂದವೇ ಕಾಣುತ್ತವೆ.

ಬಿಸಿಲು ನೇರ ಬೀಳುವ ಪಡುವಣ ಬಾಗಿಲಿಗಿಂತ ನೆರಳಿನ ಬಾಗಿಲು ಲೇಸು. ಮೊದಲ ವಾರ ದಿನಕ್ಕೊಮ್ಮೆ ಹಿಂಬದಿಯಿಂದ ನೀರು ಚಿಮುಕಿಸಿ. ಬೋ, ಮೆಣಸಿನಕಾಯಿ, ಕಿತ್ತಳೆ ಬಿಲ್ಲೆಗೆ ನೀರು ತಾಗಬಾರದು. ವಾರದ ನಂತರ ಚಿಮುಕಿಸುವುದನ್ನು ನಿಲ್ಲಿಸಿ, ಅದು ಒಣಗಿ ತನ್ನ ಬಣ್ಣಕ್ಕೆ ಬರಲಿ. ದೀಪದ ಸರ ಬೇಕೆಂದರೆ ಬ್ಯಾಟರಿಯದು ಮಾತ್ರ.

ಮೇಣದಬತ್ತಿ ಇಡುವ ರೀತ್ ಆದರೆ

ಮೇಜಿನ ಮೇಲೆ ಮಲಗಿಸಿ ಮೇಣದಬತ್ತಿ ಹಚ್ಚುವ ಆಗಮನ ಕಾಲದ ರೀತ್ ಬೇರೆಯೇ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್‌ರಿಶ್ ವಿಶೆರ್ನ್ ತಮ್ಮ ಆಶ್ರಯದಲ್ಲಿದ್ದ ಬಡ ಮಕ್ಕಳಿಗೆ ಹಬ್ಬದ ದಿನ ಎಣಿಸಲೆಂದು ಬಂಡಿಯ ಗಾಲಿಗೆ ಮೇಣದಬತ್ತಿ ಜೋಡಿಸಿದ್ದರಿಂದ ಈ ಪದ್ಧತಿ ಬೆಳೆಯಿತು. ಈಗ ನಾಲ್ಕು ಭಾನುವಾರಕ್ಕೆ ನಾಲ್ಕು ಬತ್ತಿ. ಕ್ಯಾಥೊಲಿಕರಲ್ಲಿ ಮೂರು ನೇರಳೆ, ಮೂರನೇ ಭಾನುವಾರದ್ದು ಗುಲಾಬಿ. ಇದಕ್ಕೆ ನೀಲಗಿರಿ ಹಾಕಲೇಬಾರದು, ಅದರ ಎಣ್ಣೆಗೆ ಬೆಂಕಿ ಬಲುಬೇಗ ಹತ್ತುತ್ತದೆ. ಲೋಹದ ಬಟ್ಟಲಿನಲ್ಲಿ ಬತ್ತಿ ನಿಲ್ಲಿಸಿ, ಜ್ವಾಲೆಗೂ ಸೊಪ್ಪಿಗೂ 10 ಸೆಂ.ಮೀ.ಗಿಂತ ಹೆಚ್ಚು ಅಂತರವಿಡಿ, ಬತ್ತಿ ಕರಗಿ ಗಿಡ್ಡವಾದಾಗ ಬದಲಿಸಿ, ಪ್ರತಿ ವಾರ ಸೊಪ್ಪನ್ನೂ ಹೊಸದು ಮಾಡಿ. ಕೋಣೆಯಲ್ಲಿ ಯಾರೂ ಇಲ್ಲದಾಗ ಹಚ್ಚಿಡಬೇಡಿ.

ಇಳಿಸಿದ ಮೇಲೆ

ಜನವರಿ 6 ಕಳೆದ ಮೇಲೆ ಮೊದಲು ಬೋ, ಕಾಯಿ, ಗಂಟೆಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ. ಬಳೆಯ ಹಿಂಬದಿಯಲ್ಲಿ ಪ್ಲೇಯರ್‌ನಿಂದ ತಂತಿಯನ್ನು ನಾಲ್ಕೈದು ಕಡೆ ತುಂಡರಿಸಿದರೆ ಸೊಪ್ಪು ತಾನೇ ಬಿದ್ದುಹೋಗುತ್ತದೆ. ಅಂಟು, ಬಣ್ಣ ತಾಗದ ಸೊಪ್ಪು ಗೊಬ್ಬರದ ಗುಂಡಿಗೆ. ನೀಲಗಿರಿ ನಿಧಾನವಾಗಿ ಕೊಳೆಯುತ್ತದೆ, ಸಣ್ಣಗೆ ಕತ್ತರಿಸಿ ಹಾಕಿ. ತಂತಿ ತುಂಡುಗಳನ್ನು ಒಂದು ಕಾಗದದಲ್ಲಿ ಸುತ್ತಿ ಒಣಕಸಕ್ಕೆ ಕೊಡಿ, ಹಸಿಕಸದಲ್ಲಿ ಸೇರಿದರೆ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಬಳೆಯನ್ನು ಒರೆಸಿ ಮೊಳೆಗೆ ನೇತುಹಾಕಿ. ನಾಲ್ಕೇ ದಿನದ ಸಂಭ್ರಮ ಸಾಕೆನ್ನುವ ಯುಗಾದಿಗೆ ಅದೇ ಬಳೆಗೆ ಮಾವಿನ ಚಿಗುರು, ಬೇವಿನ ಹೂ ಕಟ್ಟಬಹುದು, ಲೆಕ್ಕ ಅದೇ: ನಾಲ್ಕು ಸೆಂ.ಮೀ.ಗೊಂದು ಕುಚ್ಚು, ಮೂರು ಸುತ್ತು ತಂತಿ.